ಊರ ಹೆಸರಿನ ವಿಳಾಸ: ಅಂಕಿತವೋ, ಪಟ್ಟಾವೋ?

ಹರಿಹರದ ಮಗ್ಗುಲಲ್ಲಿರುವ ಗುತ್ತೂರಿನ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಮುಖ್ಯವಾಗಿ ಎರಡು ಬಗೆಯ ಮಾಹಿತಿ ಎದುರಾಗುತ್ತದೆ. ಒಂದು ವಿದ್ಯುತ್ತಿನದು. ಗುತ್ತೂರಿನಲ್ಲಿ 400 ಕಿಲೋವೋಲ್ಟ್‌ನ ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ಕೈಗಾ ಅಣುವಿದ್ಯುತ್ ಸ್ಥಾವರದ ಕಡೆಯಿಂದ ಬರುವ ಭಾರೀ ತಂತಿಗಳು ಇಲ್ಲಿಗೆ ಬಂದು ಸೇರುತ್ತವೆ. ಹೀಗಾಗಿ ದಕ್ಷಿಣ ಭಾರತದ ವಿದ್ಯುತ್ ವಿತರಣೆಯ ದಾಖಲೆಗಳಲ್ಲಿ ಈ ಪುಟ್ಟ ಊರಿನ ಹೆಸರು ದೊಡ್ಡ ನಗರಗಳ ಹೆಸರಿನ ಜೊತೆ ಸರಿಸಮನಾಗಿ ಕುಳಿತಿರುತ್ತದೆ. ಇನ್ನೊಂದು ಜನಗಣತಿಯದು. ಗಂಡಸರೆಷ್ಟು, ಹೆಂಗಸರೆಷ್ಟು, ಅಕ್ಷರ ಬಲ್ಲವರೆಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು ಎಂಬ ಲೆಕ್ಕ. ಒಂದೇ ಅಚ್ಚಿನಲ್ಲಿ ತೆಗೆದ ಇಂಥ ಪುಟಗಳು ದೇಶದ ಸಾವಿರಾರು ಊರುಗಳಿಗೆ ಇವೆ. ಊರಿನ ಹೆಸರು ಬದಲಾಗುತ್ತದೆ, ಅಂಕಿ ಬದಲಾಗುತ್ತದೆ, ವಾಕ್ಯ ಮಾತ್ರ ಅದೇ.

ಈ ಮಾಹಿತಿ ಸುಳ್ಳಲ್ಲ. ಆದರೆ ಇದರಲ್ಲಿ ಗುತ್ತೂರಿನವರು ಇಲ್ಲ. ಅಲ್ಲಿ ನಿನ್ನೆ ಯಾರು ತೀರಿಕೊಂಡರು, ಯಾರ ಮಗಳು ಹತ್ತನೇ ತರಗತಿಯಲ್ಲಿ ಮೊದಲು ಬಂದಳು, ಯಾವ ಬೋರ್‌ವೆಲ್ ಕೆಟ್ಟಿದೆ, ಉರುಸ್ ಯಾವಾಗ, ಜಾತ್ರೆ ಯಾವಾಗ ಎಂಬುದನ್ನು ಹೇಳುವ, ಊರಿನ ಹೆಸರನ್ನೇ ವಿಳಾಸವಾಗಿ ಹೊತ್ತ ತಾಣ ಇದಲ್ಲ. ಕೆಲವು ಊರುಗಳಿಗೆ ಅಂಥ ತಾಣಗಳು ಹುಟ್ಟಿದವು, ಕೆಲವು ಊರುಗಳಿಗೆ ಹುಟ್ಟಲಿಲ್ಲ. ಹುಟ್ಟಿದವುಗಳಲ್ಲೂ ಕೆಲವು ಊರಿನ ಮಾತಾದವು, ಕೆಲವು ಊರಿನ ಹೆಸರಿನಲ್ಲಿ ಯಾರೋ ಕೆಲವರ ಮಾತಾದವು. ಇದನ್ನು ಬರೀ ತಂತ್ರಜ್ಞಾನದ ಪ್ರಶ್ನೆ ಎಂದು ಬಿಟ್ಟುಬಿಡುವಂತಿಲ್ಲ. ಊರಿನ ಹೆಸರು ಯಾರದು, ಅದನ್ನು ಹೊತ್ತವರ ಹೊಣೆ ಏನು ಎಂಬ ಹಳೆಯ ಪ್ರಶ್ನೆಯೇ ಇದರಲ್ಲಿದೆ.

ಹೆಸರಿನ ಜೊತೆ ಊರನ್ನು ಕಟ್ಟಿಕೊಳ್ಳುವ ರೂಢಿ ನಮ್ಮಲ್ಲಿ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಉರ್ದು ಶಾಲೆ, ಕನ್ನಡ ಶಾಲೆ ಎರಡರಲ್ಲೂ ಕುಳಿತವರಿಗೆ ಇದು ಎರಡು ಕಡೆಯಿಂದಲೂ ಗೊತ್ತು. ಉರ್ದುವಿನಲ್ಲಿ ಇದಕ್ಕೆ ನಿಸ್ಬತ್ ಎನ್ನುತ್ತಾರೆ. ಜಿಗರ್ ಮುರಾದಾಬಾದಿ, ಸಾಹಿರ್ ಲುಧಿಯಾನ್ವಿ, ಫಿರಾಖ್ ಗೋರಖ್‌ಪುರಿ. ಈ ಫಿರಾಖ್ ಹುಟ್ಟಿನಿಂದ ರಘುಪತಿ ಸಹಾಯ್. ಗೋರಖ್‌ಪುರಿ ಎನ್ನುವಲ್ಲಿ ಧರ್ಮದ ಸುಳಿವಿಲ್ಲ, ಊರಿನ ಸುಳಿವಿದೆ. ಹದೀಸ್ ಸಂಗ್ರಹಿಸಿದ ಇಮಾಮ್ ಬುಖಾರಿಯವರ ಹೆಸರಿನಲ್ಲಿ ಬುಖಾರಾ ನಗರವಿದೆ, ತಿರ್ಮಿದಿಯವರ ಹೆಸರಿನಲ್ಲಿ ತಿರ್ಮಿದ್ ಪಟ್ಟಣವಿದೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿ ಕೆಲಸ ಮಾಡಿದ ಗಣಿತಜ್ಞ ಅಲ್ ಖ್ವಾರಿಜ್ಮಿಯವರ ಹೆಸರಿನಲ್ಲಿ ಖ್ವಾರಿಜ್ಮ್ ಸೀಮೆಯಿದೆ. ಆ ಹೆಸರೇ ಲ್ಯಾಟಿನ್ ಬಾಯಿಗೆ ಬಿದ್ದು ಅಲ್ಗಾರಿದಮ್ ಆಯಿತು. ಇಂದು ಮೊಬೈಲಿನ ಪರದೆಯ ಮೇಲೆ ನಮಗೆ ಯಾವ ಸುದ್ದಿ ಕಾಣಬೇಕು, ಯಾವುದು ಕಾಣಬಾರದು ಎಂದು ತೀರ್ಮಾನಿಸುವ ಲೆಕ್ಕಾಚಾರಕ್ಕೂ ಅದೇ ಹೆಸರು. ಒಬ್ಬ ಮನುಷ್ಯನ ಊರನ್ನು ಹೇಳುತ್ತಿದ್ದ ಪದ ಈಗ ಯಾವ ಊರನ್ನೂ ಅರಿಯದ ಯಂತ್ರದ ಹೆಸರಾಗಿದೆ.

ಕನ್ನಡದಲ್ಲಿ ಇದಕ್ಕೆ ಅಂಕಿತವಿದೆ. ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ಕೂಡಲಸಂಗಮದೇವ ಎಂಬುದರಲ್ಲಿ ನದಿಗಳು ಕೂಡುವ ಒಂದು ಊರಿದೆ. ಕನಕದಾಸರ ಅಂಕಿತದಲ್ಲಿ ಕಾಗಿನೆಲೆ ಇದೆ. ಹರಿಹರದಿಂದ ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ತಮ್ಮ ಪದಗಳಿಗೆ ಹಾಕಿದ ಅಂಕಿತ ಶಿಶುನಾಳಧೀಶ. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಕವಿ ತನ್ನ ಮಾತನ್ನೆಲ್ಲ ಊರಿನ ಹೆಸರಿಗೆ ಒಪ್ಪಿಸಿದ. ಅಂಕಿತ ಹಾಕಿದವನು ಊರು ತನ್ನದೆಂದು ಹೇಳುವುದಿಲ್ಲ, ತಾನು ಊರಿನವನೆಂದು ಹೇಳುತ್ತಾನೆ. ಪಟ್ಟಾ ಮಾಡಿಸಿಕೊಂಡವನ ಮಾತು ಬೇರೆ. ಅವನಿಗೆ ಸರ್ವೆ ನಂಬರು ಗೊತ್ತು, ಚಕ್ಕುಬಂದಿ ಗೊತ್ತು, ಒಳಗೆ ಬಂದವರನ್ನು ಹೊರಗೆ ಕಳಿಸುವ ಹಕ್ಕೂ ಗೊತ್ತು. ಊರ ಹೆಸರಿನ ಜಾಲತಾಣಗಳನ್ನು ಓದುವಾಗ ನಾವು ಕೇಳಬೇಕಾದದ್ದು ಇದನ್ನೇ: ಇಲ್ಲಿ ಊರಿನ ಹೆಸರು ಅಂಕಿತವಾಗಿ ನಿಂತಿದೆಯೋ, ಪಟ್ಟಾ ಆಗಿ ನಿಂತಿದೆಯೋ?

ನಿಸ್ಬತ್ತಿನ ಇನ್ನೊಂದು ಗುಣವನ್ನೂ ಗಮನಿಸಬೇಕು. ಮುರಾದಾಬಾದಿನ ಗಲ್ಲಿಯಲ್ಲಿ ಯಾರನ್ನೂ ಮುರಾದಾಬಾದಿ ಎಂದು ಕರೆಯಬೇಕಿಲ್ಲ, ಅಲ್ಲಿ ಎಲ್ಲರೂ ಅವರೇ. ಊರು ಬಿಟ್ಟವನಿಗೇ ಊರಿನ ಹೆಸರು ಬೇಕಾಗುವುದು. ಕರ್ನಾಟಕದಲ್ಲಿ ಊರಿನ ಜಾಲತಾಣಗಳು ಕರಾವಳಿಯಲ್ಲಿ ಮೊದಲು ಬಲವಾಗಿ ಬೆಳೆದದ್ದಕ್ಕೆ ಕಾರಣ ಇದು. 1970ರ ದಶಕದಿಂದ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಿಂದ ಒಬ್ಬರಲ್ಲ ಒಬ್ಬರು ದುಬೈ, ಕುವೈತ್, ಸೌದಿ, ಮಸ್ಕತ್ ಎಂದು ಹೊರಟರು. ಮೊದಲು ಕಾಗದ, ಆಮೇಲೆ ಕ್ಯಾಸೆಟ್ಟಿನಲ್ಲಿ ತುಂಬಿಸಿದ ಮಾತು, ಆಮೇಲೆ ದುಬಾರಿ ಫೋನು. 2000ರ ಆಚೀಚೆ ಅಂತರ್ಜಾಲ ಬಂದಾಗ ಊರಿನ ಸುದ್ದಿಗಾಗಿ ಹಸಿದವರ ಒಂದು ಸಮುದಾಯವೇ ಕಾದು ಕುಳಿತಿತ್ತು. ಆಗ ಬಂದದ್ದು ವಾಲ್ಟರ್ ನಂದಳಿಕೆಯವರ ದಾಯ್ಜಿವರ್ಲ್ಡ್. ಅದೇ ಕಾಲದ ಇನ್ನೊಂದು ತಾಣ ಮ್ಯಾಂಗಲೋರಿಯನ್ ಡಾಟ್ ಕಾಮ್. ಭಟ್ಕಳದಿಂದ ಭಟ್ಕಲಿಸ್ ಡಾಟ್ ಕಾಮ್ ಬಂತು, ಸಾಹಿಲ್ ಆನ್‌ಲೈನ್ ಬಂತು. ದಾಯ್ಜಿ ಎಂದರೆ ಕೊಂಕಣಿಯಲ್ಲಿ ಬಂಧು, ಸಾಹಿಲ್ ಎಂದರೆ ಉರ್ದುವಿನಲ್ಲಿ ದಡ. ಉಳಿದೆರಡು ನೇರವಾಗಿ ಊರಿನ ಹೆಸರನ್ನೇ ತೊಟ್ಟವು.

ಈ ತಾಣಗಳನ್ನು ಸಾಹಿತ್ಯದ ಮಂದಿ ಗಂಭೀರವಾಗಿ ಓದಿದ್ದು ಕಡಿಮೆ. ಓದಬೇಕಿತ್ತು. ಅವುಗಳಲ್ಲಿ ಬಹಳ ಜನ ಮೊದಲು ತೆರೆಯುವ ಪುಟ ನಿಧನ ವಾರ್ತೆಯದು. ಸತ್ತವರ ಒಂದು ಸಣ್ಣ ಫೋಟೋ, ವಯಸ್ಸು, ಯಾರ ಮಗ, ಯಾರ ತಾಯಿ, ಯಾವ ಕೇರಿ, ಜನಾಜಾ ನಮಾಜ್ ಎಲ್ಲಿ, ಅಂತಿಮ ಪೂಜೆ ಯಾವ ಇಗರ್ಜಿಯಲ್ಲಿ. ನಾಲ್ಕು ಸಾಲು. ಆದರೆ ಜಿದ್ದಾದಲ್ಲಿರುವ ಮಗನಿಗೆ ಆ ನಾಲ್ಕು ಸಾಲು ಒಂದು ಊರು. ಕಥೆ ಬರೆಯುವ ನಮಗೆ ಇದು ಹೊಟ್ಟೆಕಿಚ್ಚು ತರಿಸುವ ಬರವಣಿಗೆ. ಒಂದು ವಿಶೇಷಣವಿಲ್ಲದೆ ಅದು ಓದುವವನನ್ನು ಅಳಿಸುತ್ತದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ಸತ್ತಾಗ, ಕೊಲ್ಲಿಯಲ್ಲಿದ್ದವರಿಗೆ ರಾಷ್ಟ್ರೀಯ ಟಿವಿ ವಾಹಿನಿಗಳು ಸಂಖ್ಯೆ ಹೇಳುತ್ತಿದ್ದವು. ಅವರಿಗೆ ಬೇಕಾಗಿದ್ದದ್ದು ಹೆಸರು. ಯಾವ ಊರಿನ, ಯಾವ ಮನೆಯ ಯಾರು ಎಂದು ತಿಳಿಯಲು ಊರನ್ನು ಬಲ್ಲ ತಾಣವೇ ಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಗಳಾದಾಗಲೂ ಹೊರಗಿದ್ದವರಿಗೆ ಸ್ಥಳದ ವಿವರ ತಲುಪಿಸಿದವುಗಳಲ್ಲಿ ಈ ತಾಣಗಳಿದ್ದವು.

ಭಟ್ಕಳದ ವಿಚಾರದಲ್ಲಿ ಪಣಕ್ಕಿದ್ದದ್ದು ಇನ್ನೂ ದೊಡ್ಡದು. 2008ರ ನಂತರದ ವರ್ಷಗಳಲ್ಲಿ ಬಾಂಬ್ ಸ್ಫೋಟ ಪ್ರಕರಣಗಳ ಆರೋಪಿಗಳಲ್ಲಿ ಕೆಲವರ ಹೆಸರಿನ ಜೊತೆ ಊರಿನ ಹೆಸರನ್ನು ಅಡ್ಡಹೆಸರಿನಂತೆ ಹಚ್ಚಿ ಬಳಸಲಾಯಿತು. ಹೈದರಾಬಾದಿನ ಸ್ಫೋಟ ಪ್ರಕರಣದಲ್ಲಿ 2016ರ ಡಿಸೆಂಬರಿನಲ್ಲಿ ಐವರಿಗೆ ಮರಣದಂಡನೆ ವಿಧಿಸಲಾಯಿತು, ಅವರಲ್ಲಿ ಒಬ್ಬ ಭಟ್ಕಳದವನು. ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆ ನ್ಯಾಯಾಲಯದಲ್ಲಿ ಒಬ್ಬನಿಗಾಗುತ್ತದೆ, ಟಿವಿಯಲ್ಲಿ ಊರಿಗಾಗುತ್ತದೆ. ಒಂದು ಪಟ್ಟಣದ ಹೆಸರೇ ದೇಶದ ಬಾಯಲ್ಲಿ ಅಪರಾಧದ ಹೆಸರಾದಾಗ, ಆ ಊರಿನ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ, ಕೆಲಸದ ಅರ್ಜಿ ತುಂಬುವಾಗ ಹುಟ್ಟೂರಿನ ಹೆಸರು ಬರೆಯಲು ಅಳುಕಬೇಕಾಗುತ್ತದೆ. ಅದೇ ವರ್ಷಗಳಲ್ಲಿ ಭಟ್ಕಳದ ತಾಣಗಳು ಏನು ಮಾಡುತ್ತಿದ್ದವು? ಪರೀಕ್ಷೆಯ ಫಲಿತಾಂಶ ಹಾಕುತ್ತಿದ್ದವು. ಮದುವೆಯ ಸುದ್ದಿ, ಮೀನುಗಾರರ ದೋಣಿ ಮಗುಚಿದ ಸುದ್ದಿ, ಮಳೆ ಬಿದ್ದ ಸುದ್ದಿ, 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಸಂಸ್ಥೆಯ ಕಾಲೇಜಿನ ಸುದ್ದಿ, 1912ರಷ್ಟು ಹಳೆಯದಾದ ತಂಝೀಮ್‌ನ ಸಭೆಯ ಸುದ್ದಿ ಹಾಕುತ್ತಿದ್ದವು. ವಾದಕ್ಕೆ ವಾದ ಹೂಡುವುದಕ್ಕಿಂತ ಇದು ದೊಡ್ಡ ಉತ್ತರ. ಊರೆಂದರೆ ದಿನನಿತ್ಯ ನಡೆಯುವ ಬದುಕು ಎಂದು ದಿನನಿತ್ಯ ಬರೆದಿಡುವುದು. ನಾಳೆ ಭಟ್ಕಳದ ಚರಿತ್ರೆ ಬರೆಯುವವರಿಗೆ ಪೊಲೀಸ್ ಕಡತಗಳ ಜೊತೆಗೆ ಈ ಕಡತವೂ ಇರುತ್ತದೆ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು, ಇಲ್ಲವಾದರೆ ಇದು ವಿಮರ್ಶೆಯಾಗದು. ಭಟ್ಕಳದವರು ಎಂಬ ಹೆಸರು ಆ ಪಟ್ಟಣದ ಎಲ್ಲರದು. ನವಾಯತರದ್ದೂ ಹೌದು, ನಾಮಧಾರಿಗಳದ್ದೂ ಹೌದು, ಮೊಗೇರರದ್ದೂ ಹೌದು, ದುಡಿಯಲು ಬಂದು ನೆಲೆಸಿದವರದ್ದೂ ಹೌದು. ಆದರೆ ಊರಿನ ಹೆಸರು ಹೊತ್ತ ತಾಣದ ಒಳಗೆ ಹೋದಾಗ ಹೆಚ್ಚು ಕಾಣುವುದು ವಿದೇಶಕ್ಕೆ ಹೋದ, ಸಂಘಟಿತವಾದ, ಓದುಬರಹ ಬಲ್ಲ ಒಂದು ಸಮಾಜದ ಬದುಕು. ಮಂಗಳೂರಿನ ಕಡೆಯೂ ಹಾಗೆಯೇ. ಇಂಗ್ಲಿಷ್ ಬರಹದಲ್ಲಿ ಮ್ಯಾಂಗಲೋರಿಯನ್ ಎಂಬ ಪದ ಬಹಳ ಸಲ ಅಲ್ಲಿನ ಕ್ಯಾಥೊಲಿಕರನ್ನು ಸೂಚಿಸುತ್ತದೆ. ಅದೇ ಊರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ. ನಾಲ್ಕು ಬಾಯಿಯಲ್ಲಿ ನಾಲ್ಕು ಹೆಸರಿರುವ ಊರಿಗೆ ವಿಳಾಸ ಮಾಡುವಾಗ ಒಂದನ್ನೇ ಆರಿಸಬೇಕು. ಆರಿಸಿದ ಗಳಿಗೆಯಲ್ಲೇ ಯಾರು ಮೊದಲ ಓದುಗರು, ಯಾರು ಅತಿಥಿಗಳು ಎಂಬುದು ಅರ್ಧ ತೀರ್ಮಾನವಾಗಿಬಿಡುತ್ತದೆ. ಇದು ಯಾರದೋ ದುರುದ್ದೇಶವೆಂದು ನಾವು ಹೇಳುತ್ತಿಲ್ಲ. ದೂರದಲ್ಲಿದ್ದ ಮಕ್ಕಳು ತಮ್ಮ ಮನೆಯ ಅಂಗಳ ನೋಡಲು ಕಿಟಕಿ ಮಾಡಿಕೊಂಡರು. ಕಿಟಕಿಗೆ ಊರಿನ ಹೆಸರಿಟ್ಟಾಗ, ಪಕ್ಕದ ಅಂಗಳವೂ ಕಾಣಲಿ ಎಂದು ಪಕ್ಕದವರು ಬಯಸುವುದು ನ್ಯಾಯ.

ಹಾಗಾದರೆ ಊರಿನ ಹೆಸರನ್ನು ಕೊಡುವವರು ಯಾರು? ಇಲ್ಲಿ ಕಾನೂನಿನ ನಡವಳಿಕೆ ವಿಚಿತ್ರವಾಗಿದೆ. ವಿಳಾಸದ ಕೊನೆಯ ಚುಕ್ಕೆಯ ನಂತರ ನಗರದ ಹೆಸರು ಬೇಕೆಂದರೆ, ಬರ್ಲಿನ್, ಲಂಡನ್‌ನಂಥ ನಗರಗಳು ಪಡೆದ ಹಾಗೆ, ಸಂಬಂಧಪಟ್ಟ ಆಡಳಿತದ ಒಪ್ಪಿಗೆಯನ್ನು ತೋರಿಸಬೇಕು ಎಂದು ವಿಳಾಸಗಳ ಜಾಗತಿಕ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ 2012ರ ನಿಯಮಗಳಲ್ಲಿ ಹೇಳಿತು. ಆದರೆ ಚುಕ್ಕೆಗೆ ಮೊದಲು ಊರಿನ ಹೆಸರು ಹಾಕಿಕೊಳ್ಳಲು, ಅಂದರೆ ನಾವು ನೀವು ಕಾಣುವ ಸಾಮಾನ್ಯ ಡಾಟ್ ಕಾಮ್, ಡಾಟ್ ಇನ್ ವಿಳಾಸಕ್ಕೆ, ಊರನ್ನು ಕೇಳಬೇಕಾಗಿಲ್ಲ. ಮೊದಲು ಬಂದವರಿಗೆ ಮೊದಲು. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಹೆಸರಿನ ಡಾಟ್ ಕಾಮ್ ವಿಳಾಸವನ್ನು ಖಾಸಗಿಯವರು 1996ರಲ್ಲಿ ಪಡೆದಿದ್ದರು. ನಗರಸಭೆ ದೂರು ಕೊಟ್ಟಿತು. 2000ದಲ್ಲಿ ಜಾಗತಿಕ ಬೌದ್ಧಿಕ ಆಸ್ತಿ ಸಂಸ್ಥೆಯ ಪಂಚಾಯಿತಿಯಲ್ಲಿ ನಗರಸಭೆ ಗೆದ್ದಿತು, 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಊರಿನ ಹೆಸರು ಬರೀ ಭೂಗೋಳದ ಹೆಸರು, ಅದರ ಮೇಲೆ ಯಾರಿಗೂ ವ್ಯಾಪಾರಮುದ್ರೆಯ ಹಕ್ಕಿಲ್ಲ ಎಂಬುದು ಆ ತೀರ್ಪಿನ ತಿರುಳು. ಯಾರದೂ ಅಲ್ಲದ ಹೆಸರು ಎಂದಾಗ ಅದು ಎಲ್ಲರದೂ ಆಗಬೇಕಿತ್ತು. ಆದರೆ ವ್ಯವಹಾರದಲ್ಲಿ ಅದು ಮೊದಲು ದುಡ್ಡು ಕಟ್ಟಿದವರದು.

ಅದೂ ಶಾಶ್ವತವಲ್ಲ. ವಿಳಾಸವನ್ನು ಯಾರೂ ಕೊಳ್ಳುವುದಿಲ್ಲ, ವರ್ಷದ ಬಾಡಿಗೆಗೆ ಪಡೆಯುತ್ತಾರೆ. ಒಂದೇ ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷ. ನಡೆಸುತ್ತಿದ್ದವರು ತೀರಿಕೊಂಡರೆ, ಕೆಲಸ ಬದಲಿಸಿದರೆ, ಬೇಸತ್ತರೆ, ಬಾಡಿಗೆ ಕಟ್ಟುವುದು ನಿಲ್ಲುತ್ತದೆ. ಆಮೇಲೆ ಆ ವಿಳಾಸ ಯಾರ ಕೈಗಾದರೂ ಹೋಗಬಹುದು. ನಿನ್ನೆ ಊರಿನ ಸುದ್ದಿ ಇದ್ದ ಜಾಗದಲ್ಲಿ ಇಂದು ಇಸ್ಪೀಟಿನ ಜಾಹೀರಾತು ಕುಳಿತಿರುವುದು ಅಂತರ್ಜಾಲದಲ್ಲಿ ಅಪರೂಪವಲ್ಲ. ಪುಕ್ಕಟೆ ಸಿಗುವ ಜಾಗದ ಪಾಡು ಇದಕ್ಕಿಂತ ಕಡೆ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ತಾಣ, ಬಳಕೆದಾರರಿಗೆ ಕಲ್ಪಿತ ಬಡಾವಣೆಗಳಲ್ಲಿ ಮನೆ ನಂಬರಿನಂಥ ವಿಳಾಸ ಕೊಡುತ್ತಿತ್ತು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ನಮ್ಮ ಹುಡುಗರು ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂರುತ್ತಿದ್ದ ಕಾಲದಲ್ಲಿ ಆರ್ಕುಟ್‌ನಲ್ಲಿ ಊರೂರಿನ ಹೆಸರಿನ ಗುಂಪುಗಳಿದ್ದವು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನೂ ಮುಚ್ಚಿತು. ಸಂಸ್ಥೆಗೆ ಲಾಭವಿಲ್ಲವೆಂದರೆ ಊರಿನ ಮಾತುಕತೆಗೆ ಬೀಗ ಬೀಳುತ್ತದೆ. ಊರಿನವರನ್ನು ಯಾರೂ ಕೇಳುವುದಿಲ್ಲ.

ಹೆಸರುಗಳೂ ಬದಲಾಗುತ್ತವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಕನ್ನಡದ ಉಚ್ಚಾರಕ್ಕೆ ತಿರುಗಿತು. ಬೋರ್ಡುಗಳು ಬದಲಾದವು, ರೈಲ್ವೆ ನಿಲ್ದಾಣಗಳ ಹೆಸರು ಬದಲಾದವು. ಹಳೆಯ ಕಾಗುಣಿತದ ತಾಣಗಳು ಹಾಗೆಯೇ ಉಳಿದವು, ಏಕೆಂದರೆ ವಿಳಾಸ ಬದಲಿಸಿದರೆ ಹಳೆಯ ಓದುಗ ದಾರಿ ತಪ್ಪುತ್ತಾನೆ. ದಾವಣಗೆರೆ ಆ ಹನ್ನೆರಡರಲ್ಲಿ ಇರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಅದನ್ನು ಬರೆಯುವ ರೀತಿ ಎರಡಿವೆ, ನಡುವೆ ಒಂದು ಅಕ್ಷರದ ವ್ಯತ್ಯಾಸ. ಹುಡುಕುವವನಿಗೆ ಒಂದೇ ಊರು ಎರಡಾಗಿ ಸಿಗುತ್ತದೆ. ಕನ್ನಡದಲ್ಲೇ ವಿಳಾಸವಿದ್ದರೆ ಈ ತೊಡಕಿಲ್ಲ. ಡಾಟ್ ಭಾರತ ಎಂಬ ವಿಳಾಸ ಭಾರತೀಯ ಲಿಪಿಗಳಲ್ಲಿ ಬರಬಹುದೆಂದು 2011ರಲ್ಲಿ ಒಪ್ಪಿಗೆಯಾದಾಗ ಆ ಏಳು ಲಿಪಿಗಳಲ್ಲಿ ಉರ್ದು ಇತ್ತು, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಸರದಿ ಆಮೇಲೆ ಬಂತು. ಬಂದ ಮೇಲೂ ಬಳಸುವವರು ವಿರಳ.

ಈಗ ದಾವಣಗೆರೆ, ಹರಿಹರ, ಗುತ್ತೂರಿನ ಕಡೆ ಬರೋಣ. ಈ ಸೀಮೆಯಲ್ಲಿ ಕರಾವಳಿಯಂಥ ತಾಣಗಳು ಏಕೆ ಬೆಳೆಯಲಿಲ್ಲ? ಮೊದಲ ಕಾರಣ, ಇದು ಜನ ಬಿಟ್ಟುಹೋದ ಸೀಮೆಗಿಂತ ಹೆಚ್ಚಾಗಿ ಜನ ಬಂದು ಸೇರಿದ ಸೀಮೆ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು, ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂತು. ಸುತ್ತಲಿನ ಹಳ್ಳಿಗಳಿಂದ ಜನ ದುಡಿಯಲು ಬಂದರು. ಗಿರಣಿಗಳು ಒಂದೊಂದಾಗಿ ನಿಂತು, ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕೂಡ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಬೆಂಗಳೂರಿಗೆ, ಹುಬ್ಬಳ್ಳಿಗೆ ಹೋದರು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಸಮುದ್ರ ದಾಟಿದವನ ಹಸಿವು ಅವರಿಗಿರಲಿಲ್ಲ. ಎರಡನೆಯ ಕಾರಣ, ದಾವಣಗೆರೆಗೆ ತನ್ನದೇ ದಿನಪತ್ರಿಕೆಗಳಿದ್ದವು. ಜನತಾವಾಣಿ, ನಗರವಾಣಿಯಂಥ ಪತ್ರಿಕೆಗಳನ್ನು ಓದದೆ ಇಲ್ಲಿ ಬೆಳಗಿನ ಚಹಾ ಮುಗಿಯುತ್ತಿರಲಿಲ್ಲ. ಊರಿನ ಸಾವು ನೋವು, ಪೇಟೆ ಧಾರಣೆ, ಸಭೆ ಸಮಾರಂಭ ಎಲ್ಲ ಅಲ್ಲೇ ಸಿಗುತ್ತಿದ್ದಾಗ ಬೇರೆ ತಾಣದ ಅಗತ್ಯ ಕಾಣಲಿಲ್ಲ.

ಮೂರನೆಯ ಕಾರಣ ಅಕ್ಷರಗಳದು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ವಿಶ್ವಕನ್ನಡವನ್ನು ಯು.ಬಿ. ಪವನಜ ಅವರು 1996ರಲ್ಲೇ ತಂದರು. ಆದರೂ ಯುನಿಕೋಡ್ ಬಳಕೆಗೆ ಬರುವ ತನಕ ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ವಿಚಿತ್ರ ಗುರುತುಗಳು ಕಾಣುತ್ತಿದ್ದವು. ಉರ್ದುವಿನ ಕಷ್ಟ ಇನ್ನೂ ಹೆಚ್ಚು. ನಸ್ತಾಲೀಖ್ ಬರಹವನ್ನು ಚಿತ್ರವಾಗಿ ಮಾಡಿ ಏರಿಸಬೇಕಾಗಿತ್ತು. ಕಣ್ಣಿಗೆ ಅದು ಉರ್ದು, ಯಂತ್ರಕ್ಕೆ ಬರೀ ಒಂದು ಫೋಟೋ. ಹುಡುಕಿದರೆ ಸಿಗದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಕುಟುಂಬಗಳು, ಹತ್ತಿ ಹಿಂಜುವುದನ್ನೇ ಕುಲಕಸುಬಾಗಿ ಪಡೆದಿದ್ದ ಪಿಂಜಾರರು, ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರು, ಇವರೆಲ್ಲರ ಮಾತು ಕನ್ನಡ, ದಖನಿ ಉರ್ದು. ಈ ಎರಡೂ ಭಾಷೆಗಳು ತೊದಲುತ್ತಿದ್ದ ಕಾಲದಲ್ಲಿ ಅಂತರ್ಜಾಲ ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡುತ್ತಿತ್ತು. ಇಂಗ್ಲಿಷ್ ಬಲ್ಲವರಿಗೆ ಊರು ಇತ್ತು, ಉಳಿದವರಿಗೆ ಜನಗಣತಿಯ ಸಾಲು.

ಸರ್ಕಾರಿ ತಾಣಗಳಿಲ್ಲವೆ ಎಂದು ಕೇಳಬಹುದು. ಇವೆ. 1997ರ ಆಗಸ್ಟ್ 15ರಂದು ಹುಟ್ಟಿದ ದಾವಣಗೆರೆ ಜಿಲ್ಲೆಗೆ ಅದರದೇ ಹೆಸರಿನ ಸರ್ಕಾರಿ ತಾಣವಿದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂತು. ಸರ್ಕಾರಿ ತಾಣಗಳಲ್ಲಿ ಟೆಂಡರ್ ಸಿಗುತ್ತದೆ, ಅಧಿಕಾರಿಗಳ ದೂರವಾಣಿ ಸಿಗುತ್ತದೆ, ಪ್ರವಾಸಿ ತಾಣಗಳ ಚಿತ್ರ ಸಿಗುತ್ತದೆ. ಅವು ಬೇಕಾದವೇ. ಆದರೆ ಸರ್ಕಾರ ಊರಿಗೆ ಹೇಳುವ ಮಾತು ಒಂದು, ಊರು ತನ್ನೊಳಗೆ ಆಡಿಕೊಳ್ಳುವ ಮಾತು ಇನ್ನೊಂದು.

ಆ ಮಾತು ಈಗ ನಡೆಯುತ್ತಿರುವುದು ವಾಟ್ಸಾಪಿನಲ್ಲಿ. ಊರಿನ ಹೆಸರು, ಬಡಾವಣೆಯ ಹೆಸರು, ವಾಹನ ನೋಂದಣಿಯ ಕೆಎ-17 ಎಂಬ ಗುರುತು, ಇವುಗಳನ್ನು ಹೊತ್ತ ಗುಂಪುಗಳಿಗೆ ಲೆಕ್ಕವಿಲ್ಲ. ಜಾಲತಾಣವೂ ಬೇಡ, ಬಾಡಿಗೆಯೂ ಬೇಡ, ಎಲ್ಲರ ಕೈಯಲ್ಲೂ ಊರು ಇದೆಯಲ್ಲ ಎಂದು ಹಲವರು ಹೇಳುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಜಾಲತಾಣ ರಸ್ತೆಗೆ ಮುಖ ಮಾಡಿದ ಅಂಗಡಿ, ಗುಂಪು ಬಾಗಿಲು ಹಾಕಿದ ಕೋಣೆ. ಅದಕ್ಕೆ ಹೆಸರಿದೆ, ವಿಳಾಸವಿಲ್ಲ. ಒಳಗಿರುವವರು ಯಾರೆಂದು ಹೊರಗಿನವರಿಗೆ ತಿಳಿಯದು. ಜಾತಿಗೊಂದು, ಜಮಾಅತಿಗೊಂದು, ಪಕ್ಷಕ್ಕೊಂದು ಗುಂಪಾದಾಗ ಒಂದೇ ಊರಿನ ಹೆಸರಿನಲ್ಲಿ ಹತ್ತು ಊರುಗಳಾಗುತ್ತವೆ. ನಮ್ಮ ಗುಂಪಿನಲ್ಲಿ ನಮ್ಮ ಮೇಲೆ ಆಗುತ್ತಿರುವ ಅನ್ಯಾಯದ ಸುದ್ದಿ, ಅವರ ಗುಂಪಿನಲ್ಲಿ ಅವರ ಮೇಲಿನದು. ಎರಡನ್ನೂ ಒಟ್ಟಿಗೆ ಓದುವವರು ಯಾರೂ ಇಲ್ಲ. ಅಲ್ಲಿ ಹೋದ ವರ್ಷದ ಮಾತು ಈ ವರ್ಷ ಹುಡುಕಿದರೆ ಸಿಗದು, ತಪ್ಪು ಹೇಳಿದವನನ್ನು ಹಿಡಿದು ಕೇಳಲು ಆಗದು.

ಇದರ ಬೆಲೆ ಏನೆಂದು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಕಂಡೆವು. ಔರಾದ್ ತಾಲೂಕಿನ ಮುರ್ಕಿ ಎಂಬಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶವನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆ ಅದೇ ವರ್ಷ ಸಂದೇಶ ಮುಂದೆ ಕಳಿಸುವ ಮಿತಿಯನ್ನು ಐದಕ್ಕೆ ಇಳಿಸಲಾಯಿತು. ಗಾಳಿಸುದ್ದಿಗೆ ವಿಳಾಸ ಬೇಕಿಲ್ಲ, ವಿಳಾಸವಿಲ್ಲದಿರುವುದೇ ಅದರ ಬಲ. ಊರಿನ ಹೆಸರು ಹೊತ್ತ ತಾಣ ಅಂಥ ಸುದ್ದಿ ಹಾಕಿದರೆ ಮರುದಿನ ಬೆಳಗ್ಗೆ ಅದರ ಸಂಪಾದಕ ಸಂತೆಯಲ್ಲಿ ಜನರಿಗೆ ಮುಖ ತೋರಿಸಬೇಕು. ಈ ಅಂಜಿಕೆಯೇ ಪತ್ರಿಕಾಧರ್ಮದ ಮೊದಲ ಪಾಠ. ತಾಣವಿದ್ದ ಮಾತ್ರಕ್ಕೆ ಕೊಲೆ ತಪ್ಪುತ್ತದೆ ಎಂದು ಯಾರೂ ಹೇಳಲಾರರು. ಆದರೆ ಇದು ನಿಜವೇ ಎಂದು ಕೇಳಿಕೊಂಡು ಹೋಗಲು ಊರಿನಲ್ಲಿ ಒಂದು ಬಾಗಿಲು ಇರಬೇಕು.

ಊರಿನ ತಾಣವನ್ನು ಅಳೆಯಲು ನಮಗೆ ತೋಚುವ ಅಳತೆಗೋಲು ನಾಲ್ಕು. ಮೊದಲನೆಯದು, ಅದರ ನಿಧನ ವಾರ್ತೆಯಲ್ಲಿ ಯಾರು ಯಾರು ಇದ್ದಾರೆ. ಊರಿನ ಶ್ರೀಮಂತ ಸತ್ತರೂ, ಪೌರಕಾರ್ಮಿಕ ಹೆಂಗಸು ಸತ್ತರೂ ನಾಲ್ಕೇ ಸಾಲು ಸಿಗಬೇಕು. ಸಾವಿನಲ್ಲಿ ಸಮಾನತೆ ಕೊಡದ ತಾಣ ಬದುಕಿನಲ್ಲಿ ಕೊಡಲಾರದು. ಎರಡನೆಯದು, ಭಾಷೆ. ಸಾಹಿಲ್ ಆನ್‌ಲೈನ್ ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ಬರುವುದನ್ನು ಇಲ್ಲಿ ಮೆಚ್ಚಬೇಕು. ಆದರೆ ಮೂರು ಭಾಷೆಗೆ ಮೂರು ಬೇರೆ ಬೇರೆ ಊರು ತೋರಿಸಬಾರದು. ಉರ್ದು ಓದುಗನಿಗೆ ಹೇಳಿದ್ದನ್ನೇ ಕನ್ನಡ ಓದುಗನಿಗೂ ಹೇಳುವ ಧೈರ್ಯ ಬೇಕು. ಮೂರನೆಯದು, ತಿದ್ದುಪಡಿ. ತಪ್ಪು ಸುದ್ದಿಯನ್ನು ಸದ್ದಿಲ್ಲದೆ ಅಳಿಸುವುದು ಸುಲಭ. ಹೀಗೆ ಬರೆದಿದ್ದೆವು, ಅದು ತಪ್ಪು ಎಂದು ಅದೇ ಜಾಗದಲ್ಲಿ ಉಳಿಸುವುದು ಕಷ್ಟ. ನಾಲ್ಕನೆಯದು, ನೆನಪು. ಹತ್ತು ವರ್ಷದ ಹಿಂದೆ ಹೊಳೆ ಎಲ್ಲಿಯ ತನಕ ಏರಿತ್ತು, ಆ ಗಲಾಟೆಯ ಮರುದಿನ ಯಾರು ಯಾರ ಮನೆಗೆ ಅಕ್ಕಿ ಕೊಟ್ಟರು ಎಂಬುದು ಅಲ್ಲಿ ಸಿಗಬೇಕು. ಗಲಾಟೆಯನ್ನು ಎಲ್ಲರೂ ದಾಖಲಿಸುತ್ತಾರೆ. ಅಕ್ಕಿ ಕೊಟ್ಟದ್ದನ್ನು ದಾಖಲಿಸಲು ಊರಿನವರೇ ಬೇಕು.

ನಮ್ಮ ಸಮುದಾಯದವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕೆನಿಸುತ್ತದೆ. ಮಾಧ್ಯಮಗಳು ನಮ್ಮನ್ನು ತಪ್ಪಾಗಿ ತೋರಿಸುತ್ತವೆ ಎಂಬ ದೂರು ನಮ್ಮ ಸಭೆಗಳಲ್ಲಿ ಹಳೆಯದು, ಅದರಲ್ಲಿ ಸತ್ಯವೂ ಇದೆ. ಅದಕ್ಕೆ ಉತ್ತರವಾಗಿ ಸಮುದಾಯದ ಹೆಸರಿನ ತಾಣಗಳನ್ನು ಮಾಡಿದ್ದೇವೆ. ಅವುಗಳನ್ನು ನಾವೇ ಓದುತ್ತೇವೆ. ಊರಿನ ಹೆಸರಿನ ತಾಣ ಮಾಡಿದರೆ ಪಕ್ಕದ ಮನೆಯವರೂ ಓದುತ್ತಾರೆ, ಏಕೆಂದರೆ ಅದರಲ್ಲಿ ಅವರ ಮಗನ ಮದುವೆಯೂ ಇರುತ್ತದೆ. ಇಸ್ಲಾಮಿನ ಹಿರಿಮೆ ಹೇಳುವ ನೂರು ಲೇಖನಗಳು ಮಾಡದ ಕೆಲಸವನ್ನು ನೆರೆಯವರ ಹಕ್ಕನ್ನು ಪಾಲಿಸುವ ಒಂದು ನಿಧನ ವಾರ್ತೆ ಮಾಡಬಲ್ಲದು. ಬಹುಸಂಖ್ಯಾತರ ಕೈಯಲ್ಲಿರುವ ತಾಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಊರಿನ ಹೆಸರಿಟ್ಟುಕೊಂಡು, ಮುಸ್ಲಿಂ ಕೇರಿಯನ್ನು ಅಪರಾಧ ಸುದ್ದಿಯಲ್ಲಿ ಮಾತ್ರ ನೆನೆಯುವ ತಾಣ ಆ ಹೆಸರಿಗೆ ಅರ್ಹವಲ್ಲ.

ಗುತ್ತೂರಿನಂಥ ಊರಿಗೆ ಒಂದು ತಾಣ ಮಾಡಲು ಇಂದು ಬೇಕಾದ ಹಣ ಸಾಧಾರಣ ಮದುವೆಯೊಂದರ ಕರೆಯೋಲೆ ಅಚ್ಚು ಹಾಕಿಸುವ ಖರ್ಚಿಗಿಂತ ಕಡಿಮೆ. ಕನ್ನಡ, ಉರ್ದು ಎರಡೂ ಈಗ ಮೊಬೈಲಿನಲ್ಲೇ ಸಲೀಸಾಗಿ ಬರೆಯಬಹುದು. ಇಲ್ಲದಿರುವುದು ಒಟ್ಟಿಗೆ ಕೂರುವ ನಾಲ್ಕು ಜನ: ಮಸೀದಿಯ ಕಡೆಯಿಂದ ಒಬ್ಬ, ಗುಡಿಯ ಕಡೆಯಿಂದ ಒಬ್ಬ, ದಲಿತ ಕೇರಿಯಿಂದ ಒಬ್ಬಳು, ಶಾಲೆಯ ಮೇಷ್ಟ್ರು ಒಬ್ಬರು. ವಿಳಾಸ ಒಬ್ಬರ ಹೆಸರಿನಲ್ಲಿರದೆ ನಾಲ್ವರ ಹೊಣೆಯಲ್ಲಿದ್ದರೆ, ಒಬ್ಬರು ಬೇಸತ್ತಾಗ ಇನ್ನೊಬ್ಬರು ಬಾಡಿಗೆ ಕಟ್ಟಿಯಾರು. ಪಕ್ಕದ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಇದೆ. ಹರಿ ದೊಡ್ಡವನೋ ಹರ ದೊಡ್ಡವನೋ ಎಂದು ಜಗಳವಾಡಿದ ನಾಡಿನಲ್ಲಿ ಇಬ್ಬರನ್ನೂ ಒಂದೇ ಮೈಯಲ್ಲಿ ನಿಲ್ಲಿಸಿ, ಊರಿಗೂ ಅದೇ ಹೆಸರನ್ನು ಉಳಿಸಿಕೊಂಡ ಜನ ಇವರು. ಅಂಥ ಸೀಮೆಯಲ್ಲಿ ಊರಿನ ಹೆಸರನ್ನು ಹಂಚಿಕೊಂಡು ಹೊರುವುದು ಹೊಸ ಪಾಠವಾಗಬೇಕಿಲ್ಲ. ಗುತ್ತೂರಿನ ತಂತಿಗಳು ದೂರದ ಊರುಗಳಿಗೆ ಬೆಳಕು ಒಯ್ಯುತ್ತಿವೆ. ಗುತ್ತೂರಿನಲ್ಲಿ ಯಾರಿದ್ದಾರೆ ಎಂಬುದನ್ನು ಗುತ್ತೂರಿನವರೇ ಬರೆಯಬೇಕು.